ಮೈನಾರಿಟಿ ಫೆಲೋಶಿಪ್ ಯೋಜನೆ

ಜನಾಂಗೀಯ ಅಲ್ಪಸಂಖ್ಯಾತ ಸಮುದಾಯಗಳ ಸೇವೆಗೆ ಮಾನಸಿಕ ಆರೋಗ್ಯ ತಜ್ಞರನ್ನು ಸಿದ್ಧಪಡಿಸಲು ಅಮೆರಿಕದ ಒಕ್ಕೂಟ ಸರ್ಕಾರ ನಡೆಸುತ್ತ ಬಂದ ವಿದ್ಯಾರ್ಥಿವೇತನ ಹಾಗೂ ತರಬೇತಿ ಯೋಜನೆ. ಹಣ ಸರ್ಕಾರದ್ದು, ಅಭ್ಯರ್ಥಿಗಳ ಆಯ್ಕೆ ಮತ್ತು ತರಬೇತಿಯ ಹೊಣೆ ವೃತ್ತಿಸಂಘಗಳದ್ದು ಆಗಿತ್ತು.

ಹಿನ್ನೆಲೆ: ಮನೋವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಆಫ್ರಿಕನ್-ಅಮೆರಿಕನ್ ಫ್ರಾನ್ಸಿಸ್ ಸಮ್ನರ್ (ಕ್ಲಾರ್ಕ್ ವಿಶ್ವವಿದ್ಯಾಲಯ, 1920). ಅವರ ಹಿಂದೆ ಹೆಚ್ಚು ಜನರಿಗೆ ಬರಲಾಗಲಿಲ್ಲ. 1920ರಿಂದ 1966ರವರೆಗೆ ದೇಶದ ಹತ್ತು ಪ್ರತಿಷ್ಠಿತ ವಿಭಾಗಗಳು ನೀಡಿದ 3,767 ಪಿಎಚ್.ಡಿ.ಗಳಲ್ಲಿ ಆಫ್ರಿಕನ್-ಅಮೆರಿಕನ್ನರಿಗೆ ಸಂದವು ಎಂಟೇ. 1963ರ ಸಮುದಾಯ ಮಾನಸಿಕ ಆರೋಗ್ಯ ಕಾಯ್ದೆಯು ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಗಳಿಂದ ಜನವಸತಿಯ ಕೇಂದ್ರಗಳತ್ತ ತಂದಾಗ, ಅಲ್ಲಿನವರ ಬದುಕು ಬಲ್ಲ ತಜ್ಞರ ಕೊರತೆ ಎದ್ದುಕಂಡಿತು.

ಸ್ಥಾಪನೆ: ಒತ್ತಾಯ ವೃತ್ತಿಯ ಒಳಗಿನಿಂದಲೇ ಬಂತು. 1968ರಲ್ಲಿ ಕಪ್ಪು ಮನೋವಿಜ್ಞಾನಿಗಳ ಸಂಘ ಹುಟ್ಟಿತು. 1969ರಲ್ಲಿ ಚೆಸ್ಟರ್ ಪಿಯರ್ಸ್ ಅಧ್ಯಕ್ಷತೆಯಲ್ಲಿ ಕಪ್ಪು ಮನೋವೈದ್ಯರು ಸಂಘಟಿತರಾದರು. ಅದೇ ವರ್ಷ ಅಮೆರಿಕನ್ ಮನೋವಿಜ್ಞಾನ ಸಂಘದ ಅಧಿವೇಶನದಲ್ಲಿ ಕಪ್ಪು ವಿದ್ಯಾರ್ಥಿಗಳು ಪ್ರವೇಶ ಮತ್ತು ಧನಸಹಾಯದ ಬೇಡಿಕೆ ಮುಂದಿಟ್ಟರು. ಅಲ್ಪಸಂಖ್ಯಾತರಿಗಾಗಿ ಪ್ರತ್ಯೇಕ ಕೇಂದ್ರ ತೆರೆದಿದ್ದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯು 1973ರಲ್ಲಿ ಈ ಯೋಜನೆ ರೂಪಿಸಿತು. 1974ರಲ್ಲಿ ವೃತ್ತಿಸಂಘಗಳ ಮೂಲಕ ಅದು ಜಾರಿಗೆ ಬಂತು. ಮನೋವೈದ್ಯಶಾಸ್ತ್ರ, ಮನೋವಿಜ್ಞಾನ, ಸಮಾಜಕಾರ್ಯ ಹಾಗೂ ಶುಶ್ರೂಷೆ ಇದರ ಮೂಲ ಕ್ಷೇತ್ರಗಳು.

ಸ್ವರೂಪ: ಮನೋವಿಜ್ಞಾನದಲ್ಲಿ ಡಾಕ್ಟರೇಟ್ ವಿದ್ಯಾರ್ಥಿಗಳು, ಮನೋವೈದ್ಯದಲ್ಲಿ ರೆಸಿಡೆಂಟ್ ವೈದ್ಯರು ಇದರ ಮುಖ್ಯ ಫಲಾನುಭವಿಗಳಾಗಿದ್ದರು. ಧನಸಹಾಯದೊಂದಿಗೆ ಹಿರಿಯರ ಮಾರ್ಗದರ್ಶನ, ವಿಶೇಷ ತರಬೇತಿ, ವೃತ್ತಿಬಾಂಧವರ ಒಡನಾಟವೂ ದೊರೆಯುತ್ತಿದ್ದವು. ಅಮೆರಿಕದ ನಾಗರಿಕರು ಹಾಗೂ ಕಾಯಂ ನಿವಾಸಿಗಳು ಅರ್ಜಿ ಸಲ್ಲಿಸಬಹುದಿತ್ತು.

ವಿಸ್ತರಣೆ: 1992ರಲ್ಲಿ ಯೋಜನೆಯ ಹೊಣೆ ಹೊಸದಾಗಿ ರಚನೆಯಾದ ಮಾದಕವ್ಯಸನ ಮತ್ತು ಮಾನಸಿಕ ಆರೋಗ್ಯ ಸೇವಾ ಆಡಳಿತಕ್ಕೆ (ಸ್ಯಾಂಸಾ) ಸೇರಿತು. 2001ರಲ್ಲಿ ದೇಶದ ಮುಖ್ಯ ಸಾರ್ವಜನಿಕ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ಡೇವಿಡ್ ಸ್ಯಾಚರ್ ಅವರ ವರದಿಯು, ಅಲ್ಪಸಂಖ್ಯಾತರಿಗೆ ಮಾನಸಿಕ ಚಿಕಿತ್ಸೆ ದೊರೆಯುವುದೇ ಕಡಿಮೆ, ದೊರೆತರೂ ಗುಣಮಟ್ಟ ಕಳಪೆ ಎಂದು ದಾಖಲಿಸಿ ಯೋಜನೆಯ ಅಗತ್ಯವನ್ನು ಮತ್ತೆ ಎತ್ತಿ ತೋರಿಸಿತು. ಮುಂದೆ ದಾಂಪತ್ಯ-ಕುಟುಂಬ ಚಿಕಿತ್ಸೆ, ಆಪ್ತಸಮಾಲೋಚನೆ, ವ್ಯಸನಮುಕ್ತಿ ಸಮಾಲೋಚನೆ ಕ್ಷೇತ್ರಗಳೂ ಸೇರಿಕೊಂಡವು. ನಾಲ್ಕು ದಶಕ ಆಡಳಿತಾತ್ಮಕ ಕಾರ್ಯಕ್ರಮವಾಗಿ ಮುಂದುವರಿದ ಇದಕ್ಕೆ 2016ರ 21ನೇ ಶತಮಾನದ ಕ್ಯೂರ್ಸ್ ಕಾಯ್ದೆಯು ಶಾಸನದಲ್ಲಿ ಸ್ಥಾನ ಕೊಟ್ಟಿತು.