ಔತಣದ ಪಂಕ್ತಿ, ಬಾನುಲಿಯ ಧ್ವನಿ: ಆರಂಭಿಕ ಚಲನಚಿತ್ರ ಪ್ರಶಸ್ತಿ ಸಮಾರಂಭಗಳ ಒಂದು ಅಧ್ಯಯನ

ಯಾವುದೇ ಆಚರಣೆಯನ್ನು ಪರಿಶೀಲಿಸುವಾಗ ಜಾನಪದ ಅಧ್ಯಯನವು ಮೂರು ಪ್ರಶ್ನೆಗಳನ್ನು ಎತ್ತುತ್ತದೆ. ಅಲ್ಲಿ ನುಡಿಯುವವರು ಯಾರು? ಆಲಿಸುವವರು ಯಾರು? ಯಾರು ಎಲ್ಲಿ ಕುಳಿತಿದ್ದಾರೆ? ಇಂದು ಆಸ್ಕರ್ ಎಂದು ಹೆಸರಾಗಿರುವ ಅಮೆರಿಕದ ಚಲನಚಿತ್ರ ಅಕಾಡೆಮಿ ಪ್ರಶಸ್ತಿಗಳ ಮೊದಲ ಘಟ್ಟವನ್ನು ಈ ಪ್ರಶ್ನೆಗಳ ಮೂಲಕ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

1929ರ ಮೇ 16ರಂದು ಹಾಲಿವುಡ್ ರೂಸ್‌ವೆಲ್ಟ್ ಹೋಟೆಲಿನಲ್ಲಿ ಮೊದಲ ಸಮಾರಂಭ ಜರುಗಿತು. ಸುಮಾರು 270 ಅತಿಥಿಗಳ ಔತಣಕೂಟವದು. ಡಗ್ಲಾಸ್ ಫೇರ್‌ಬ್ಯಾಂಕ್ಸ್ ನಡೆಸಿಕೊಟ್ಟ ಪ್ರಶಸ್ತಿ ಪ್ರದಾನ ಸುಮಾರು 15 ನಿಮಿಷಗಳಲ್ಲಿ ಮುಗಿಯಿತು. ವಿಜೇತರ ಹೆಸರುಗಳು ಫೆಬ್ರವರಿಯಲ್ಲಿಯೇ ಪ್ರಕಟವಾಗಿದ್ದುದರಿಂದ ಕುತೂಹಲಕ್ಕೆ ಎಡೆಯಿರಲಿಲ್ಲ. ಒಂದು ವೃತ್ತಿಯವರು ತಮ್ಮವರನ್ನೇ ಊಟಕ್ಕೆ ಕರೆದು ಮನ್ನಿಸಿದ ಸಂದರ್ಭವಾಗಿತ್ತೇ ಹೊರತು, ಲೋಕಕ್ಕೆ ಅಲ್ಲಿ ಸ್ಥಾನವಿರಲಿಲ್ಲ.

ಅಷ್ಟರಲ್ಲಿ ಬಾನುಲಿಯು ಬೇರೊಂದು ಬಗೆಯ ಆಲಿಕೆಯನ್ನು ರೂಢಿಸಿತ್ತು. 1920ರ ನವೆಂಬರ್ 2ರಂದು ಪಿಟ್ಸ್‌ಬರ್ಗಿನ ಕೆಡಿಕೆಎ ಕೇಂದ್ರವು ಅಧ್ಯಕ್ಷೀಯ ಚುನಾವಣೆಯ ಫಲಿತಾಂಶಗಳನ್ನು ಬಿತ್ತರಿಸಿತು. ಮರುದಿನದ ಪತ್ರಿಕೆಗೆ ಕಾಯದೆ, ಸುದ್ದಿಯನ್ನು ಅದು ಬಂದ ಗಳಿಗೆಯಲ್ಲೇ ಕೇಳುವುದು ಸಾಧ್ಯವಾಯಿತು. 1926ರಲ್ಲಿ ಎನ್‌ಬಿಸಿ, 1927ರಲ್ಲಿ ಸಿಬಿಎಸ್‌ನ ಮೂಲ ಜಾಲ ಸ್ಥಾಪನೆಗೊಂಡು, ಒಂದೇ ಧ್ವನಿ ಹಲವು ಊರುಗಳನ್ನು ಏಕಕಾಲಕ್ಕೆ ತಲುಪತೊಡಗಿತು.

1930ರ ಏಪ್ರಿಲ್ 3ರಂದು ಅಂಬಾಸಡರ್ ಹೋಟೆಲಿನಲ್ಲಿ ನಡೆದ ಎರಡನೆಯ ಸಮಾರಂಭವನ್ನು ಲಾಸ್ ಏಂಜಲೀಸಿನ ಕೆಎನ್‌ಎಕ್ಸ್ ಕೇಂದ್ರ ನೇರಪ್ರಸಾರ ಮಾಡಿತು. ವಿಜೇತರ ಹೆಸರುಗಳನ್ನು ಸಮಾರಂಭದ ರಾತ್ರಿಯವರೆಗೆ ಗೋಪ್ಯವಾಗಿಡುವ ಪದ್ಧತಿಯೂ ಅದೇ ಬಾರಿ ಆರಂಭವಾಯಿತು. ಗೋಪ್ಯತೆಗೆ ಬಾನುಲಿಯೊಂದೇ ಕಾರಣವೆಂದು ಹೇಳಲಾಗದು. ಆದರೆ ಇವೆರಡೂ ಕೂಡಿದ್ದರಿಂದ ಸಮಾರಂಭದ ಸ್ವರೂಪವೇ ಬದಲಾಯಿತೆಂಬುದು ಗಮನಾರ್ಹ. ಮೊದಲ ವರ್ಷ ಹೆಸರು ಬರಹದಲ್ಲಿ ಬಂದು, ಬಳಿಕ ನುಡಿಯಲ್ಲಿ ಪುನರುಕ್ತಗೊಂಡಿತ್ತು. ಈಗ ನುಡಿಯುವುದೇ ಘಟನೆಯಾಯಿತು. ಮೌಖಿಕ ಪರಂಪರೆಯಲ್ಲಿ ನುಡಿಗಿರುವ ಈ ಶಕ್ತಿ ವಿದ್ಯುನ್ಮಾನ ಮಾಧ್ಯಮದಲ್ಲಿ ಮರುಹುಟ್ಟು ಪಡೆಯುವುದನ್ನೇ ವಾಲ್ಟರ್ ಆಂಗ್ 'ದ್ವಿತೀಯ ಮೌಖಿಕತೆ' ಎಂದು ಗುರುತಿಸಿದ್ದಾರೆ. ಬರಹವೂ ಸುಮ್ಮನಿರಲಿಲ್ಲ: 1940ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯು ಹೆಸರುಗಳನ್ನು ಮುಂಚಿತವಾಗಿಯೇ ಅಚ್ಚುಮಾಡಿತು. ಅದರ ಪರಿಣಾಮವಾಗಿ 1941ರಿಂದ ಮೊಹರು ಮಾಡಿದ ಲಕೋಟೆ ಬಳಕೆಗೆ ಬಂದಿತು.

ಮೂರನೆಯ ಪ್ರಶ್ನೆಗೆ ಮಾತ್ರ ಧ್ವನಿಯಲ್ಲಿ ಉತ್ತರ ದೊರೆಯದು. 1940ರ ಫೆಬ್ರವರಿ 29ರಂದು 'ಗಾನ್ ವಿತ್ ದ ವಿಂಡ್' ಚಿತ್ರದ ಪಾತ್ರಕ್ಕಾಗಿ ಹ್ಯಾಟಿ ಮೆಕ್‌ಡೇನಿಯಲ್ ಅತ್ಯುತ್ತಮ ಪೋಷಕ ನಟಿ ಪ್ರಶಸ್ತಿ ಪಡೆದರು. ಅಕಾಡೆಮಿ ಪ್ರಶಸ್ತಿ ಗಳಿಸಿದ ಮೊದಲ ಆಫ್ರಿಕನ್ ಅಮೆರಿಕನ್ ಅವರು. ಆದರೆ ಕರಿಯರಿಗೆ ಪ್ರವೇಶವಿಲ್ಲದ ಆ ಹೋಟೆಲಿಗೆ ಅವರು ವಿಶೇಷ ಅನುಮತಿಯ ಮೇಲೆ ಬರಬೇಕಾಯಿತು. ಚಿತ್ರದ ಇತರ ಕಲಾವಿದರಿಂದ ದೂರ, ಗೋಡೆಯ ಬದಿಯ ಪ್ರತ್ಯೇಕ ಮೇಜಿನಲ್ಲಿ ಕೂರಬೇಕಾಯಿತು. ನಮ್ಮ ಸಮಾಜ ಪಂಕ್ತಿಭೇದವೆಂದು ಕರೆಯುವುದು ಇದನ್ನೇ. ಮನ್ನಣೆಯ ಹೆಸರು ಎಲ್ಲರ ಕಿವಿಗೂ ಬೀಳಬಹುದು; ಊಟದ ಮೇಜಿನ ಅಂತರ ಕಿವಿಗೆ ಕಾಣದು.

1944ರಲ್ಲಿ ಔತಣವನ್ನು ಕೈಬಿಟ್ಟು ಸಮಾರಂಭವನ್ನು ಗ್ರೌಮನ್ಸ್ ಚೈನೀಸ್ ಚಿತ್ರಮಂದಿರಕ್ಕೆ ಸ್ಥಳಾಂತರಿಸಲಾಯಿತು. 1945ರಲ್ಲಿ ಇಡೀ ಕಾರ್ಯಕ್ರಮ ಬಾನುಲಿಯ ಮೂಲಕ ರಾಷ್ಟ್ರವ್ಯಾಪಿಯಾಗಿ ಪ್ರಸಾರಗೊಂಡಿತು. 1953ರ ಮಾರ್ಚ್ 19ರಂದು ದೂರದರ್ಶನ ಪ್ರಸಾರವೂ ಆರಂಭವಾಯಿತು. ಹೀಗೆ ಪಂಕ್ತಿಯು ಸಭೆಯಾಗಿ, ಸಭೆಯು ಲೋಕವಾಗಿ ಹಿಗ್ಗಿದ ಕಥನ ಇದು. ಇದನ್ನು ಬರೆಯುವ ಸಂಶೋಧಕರು ಪ್ರಸಾರವಾದ ನುಡಿಯ ಜೊತೆಗೆ ಕುಳಿತವರ ಪಂಕ್ತಿಯನ್ನೂ ದಾಖಲಿಸಬೇಕು. ಇಲ್ಲವಾದರೆ ಚಪ್ಪಾಳೆಯ ಸದ್ದು ಉಳಿದು, ಗೋಡೆಯ ಬದಿಯ ಮೇಜು ಚರಿತ್ರೆಯಿಂದ ಮರೆಯಾಗುತ್ತದೆ.