ಹುಡುಗಿಯ ನೋಟ್‌ಬುಕ್

1996ರಲ್ಲಿ ನಾನು ಭದ್ರಾವತಿಯಲ್ಲಿ ಟೀಚರ್. ಕಾಗದ ಕಾರ್ಖಾನೆಯ ಕಾರ್ಮಿಕರೊಬ್ಬರ ಮಗಳು ಓದಿದ ಪುಸ್ತಕಗಳ ಬಗ್ಗೆ ಅನ್ನಿಸಿದ್ದನ್ನೆಲ್ಲ ಬರೆದಿಡುತ್ತಿದ್ದಳು. ಪತ್ತೇದಾರಿ ಕಾದಂಬರಿಗೆ, 'ಕಳ್ಳ ಯಾರೆಂದು ಮೊದಲೇ ಗೊತ್ತಾಯಿತು.' ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಬಗ್ಗೆ, 'ಹೆಸರುಗಳೆಲ್ಲ ಮರೆತುಹೋದವು, ಮಳೆ ಮರೆಯಲಿಲ್ಲ.' (ಪೂರ್ತಿ ಓದಿದ್ದಳೋ ಇಲ್ಲವೋ!)

ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರಾ' ಬಂದದ್ದು 1963ರಲ್ಲಿ, ಅವರಿಗೆ ನಲವತ್ತು ದಾಟಿದ ಮೇಲೆ. 1976ರ 'ಫಣಿಯಮ್ಮ' ನಿಜವಾಗಿ ಬದುಕಿದ್ದ ಬಾಲವಿಧವೆಯೊಬ್ಬರ ಕಥೆ. ತಾಳ್ಮೆಯ ಮೂರ್ತಿ ಎಂದೇ ನಾನು ಮಕ್ಕಳಿಗೆ ಹೇಳುತ್ತಿದ್ದೆ. ಹುಡುಗಿ ಬರೆದಿದ್ದಳು: 'ಫಣಿಯಮ್ಮ ಒಳ್ಳೆಯವರು. ಅದರಿಂದ ಅನುಕೂಲವಾದದ್ದು ಮನೆಯವರಿಗೆ.'

ಕೆಂಪು ಶಾಯಿ ಹಾಕಲು ಕೈ ಬರಲಿಲ್ಲ. ಶಿವಮೊಗ್ಗದ ನಮ್ಮ ಮನೆಯಲ್ಲಿ, ಹತ್ತು ವರ್ಷಕ್ಕೇ ಗಂಡನನ್ನು ಕಳೆದುಕೊಂಡಿದ್ದ ಸೋದರತ್ತೆಗೆ ಓದಿ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದ ಅವರ ಕೈ ನಿಂತಿತು.

"ಆ ಮಗುವಿಗೆ ಮಾರ್ಕ್ಸ್ ಎಷ್ಟು ಕೊಟ್ಟೆ?" ಎಂದರು.