ವಿಕಲಚೇತನರ ಸುಗಮ ಪ್ರವೇಶದ ಕಾನೂನುಗಳು: ಯಾದಗಿರಿ, ಶಹಾಪುರ, ಸುರಪುರ

ಮೆಟ್ಟಿಲು, ಹೊಸ್ತಿಲು, ಬಸ್ಸಿನ ಪಾವಟಿಗೆ ವಿಕಲಚೇತನರಿಗೆ ಅಡ್ಡಿಯಾಗಬಾರದೆಂದು ಹೇಳುವ ಪ್ರತ್ಯೇಕ ಕಾನೂನು ಈ ಮೂರು ಊರುಗಳಿಗಿಲ್ಲ. ಕೇಂದ್ರದ ಕಾಯ್ದೆಯೇ ಇಲ್ಲಿಯೂ ನಡೆಯುತ್ತದೆ.

ಅಂಥ ಮೊದಲ ಕಾಯ್ದೆ 1995ರದು, ಜಾರಿಯಾದದ್ದು 1996ರ ಫೆಬ್ರವರಿ 7ರಂದು. ಅದು ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿ, ಸರ್ಕಾರಿ ನೌಕರಿಯಲ್ಲಿ ಶೇ 3ರಷ್ಟು ಮೀಸಲಾತಿ ಕೊಟ್ಟಿತು. ಕಟ್ಟಡಗಳ ವಿಷಯಕ್ಕೆ ಬಂದಾಗ ಮಾತ್ರ ‘ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ’ ಎಂಬ ಷರತ್ತು ಹಾಕಿತು. ಕೈಯಲ್ಲಿ ದುಡ್ಡಿಲ್ಲ ಎನ್ನುವ ಕಚೇರಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಆಗ ಈ ಮೂರೂ ಊರುಗಳು ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳು. ಸೌಲಭ್ಯ ಸಿಗಬೇಕಾದರೆ ಶೇ 40ರಷ್ಟಾದರೂ ವೈಕಲ್ಯವಿದೆಯೆಂಬ ವೈದ್ಯಕೀಯ ಪ್ರಮಾಣಪತ್ರ ಬೇಕು. ಅದಕ್ಕಾಗಿ ಹೋಗಬೇಕಾದ ಜಿಲ್ಲಾ ಕೇಂದ್ರ ಆಗ ಸುರಪುರದಿಂದ ನೂರು ಕಿ.ಮೀ. ಆಸುಪಾಸು. 2009ರ ಡಿಸೆಂಬರ್‌ನಲ್ಲಿ ಯಾದಗಿರಿ ಜಿಲ್ಲೆಯಾದಾಗ ಆ ದೂರ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಕಾಲಿಲ್ಲದವರಿಗೆ ಇದೂ ಒಂದು ಸುಧಾರಣೆಯೇ, ಯಾವ ಕಾಯ್ದೆಯಲ್ಲೂ ಬರೆದಿರದಿದ್ದರೂ.

ಭಾರತ 2007ರಲ್ಲಿ ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅನುಮೋದಿಸಿತು. ಅದರ ಫಲವಾಗಿ ಬಂದ 2016ರ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ವೈಕಲ್ಯದ ಬಗೆಗಳು 21ಕ್ಕೆ, ನೌಕರಿ ಮೀಸಲಾತಿ ಶೇ 4ಕ್ಕೆ ಏರಿದವು. ದೊಡ್ಡ ಬದಲಾವಣೆ ಬೇರೆ ಕಡೆ ಇದೆ: ಸುಗಮ ಪ್ರವೇಶದ ನಿಯಮಕ್ಕೆ ಹೊಂದದ ನಕ್ಷೆಗೆ ಕಟ್ಟಡದ ಪರವಾನಗಿಯನ್ನೇ ಕೊಡುವಂತಿಲ್ಲ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು, ಕಾಯ್ದೆಯ ನಿಯಮಗಳು ಹೊರಬಿದ್ದಂದಿನಿಂದ ಐದು ವರ್ಷ ಗಡುವು. 2017ರ ಜೂನ್‌ನಲ್ಲಿ ಅವು ಹೊರಬಿದ್ದುದರಿಂದ ಗಡುವು 2022ಕ್ಕೆ ಮುಗಿಯಿತು. ಮೊದಲ ಉಲ್ಲಂಘನೆಗೆ 10,000 ರೂಪಾಯಿವರೆಗೆ, ಆಮೇಲಿನದಕ್ಕೆ 50,000ದಿಂದ 5 ಲಕ್ಷದವರೆಗೆ ದಂಡ.

ಆದರೆ ನಿಯಮ ಕೇಳುವ ಅಳತೆಯಲ್ಲೇ ಕಷ್ಟವಿದೆ. ಇಳಿಜಾರು ದಾರಿ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಎರಡಡಿ ಎತ್ತರದ ಜಗಲಿಗೆ ಇಪ್ಪತ್ನಾಲ್ಕು ಅಡಿ ಆಗಬೇಕು. ಬೀದಿಗೆ ಅಂಟಿಕೊಂಡ ಕಟ್ಟಡದ ಮುಂದೆ ಅಷ್ಟು ಜಾಗವೆಲ್ಲಿ? ಆರೇಳು ಅಡಿಯಲ್ಲಿ ಮುಗಿಸಿ, ಮೇಲೆ ನುಣುಪಾದ ಫರಸಿ ಹಾಸಿದರೆ ಕಾಗದದಲ್ಲಿ ‘ರ‍್ಯಾಂಪ್ ಇದೆ’. ಗಾಲಿಕುರ್ಚಿ ಮಾತ್ರ ಹಿಂದಕ್ಕೆ ಜಾರುತ್ತದೆ.

2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ರಾಜೀವ್ ರತೂರಿ ಪ್ರಕರಣದಲ್ಲಿ, 2017ರ ನಿಯಮಗಳ 15ನೆಯದು ಬರೀ ಮಾರ್ಗಸೂಚಿಯಂತಿದೆ, ಮೂಲ ಕಾಯ್ದೆಗೆ ವಿರುದ್ಧವೆಂದು ಹೇಳಿ, ಕಡ್ಡಾಯ ಮಾನದಂಡಗಳನ್ನು ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳು ಕೊಟ್ಟಿತು.